ಗೋಡೆಗಂಟಿದ ಮಣಿ

ಮತ್ತೆ ಅದೇ ಚುಕ್ಕೆ, ಕಂಪ್ಯೂಟರ್ ಪರದೆಯ ಅಂಚಿನಲ್ಲಿ, ಧೂಳಿರಬೇಕೆಂದು ಅಂಗೈಯಿಂದ ಒರೆಸಿದಳು, ಹೋಗಲಿಲ್ಲ, ಕಣ್ಣು ಉರಿಯುತ್ತಿದೆ, ಟೀ ಆರಿ ಕೆನೆಗಟ್ಟಿದೆ, ಸೂಕ್ಷ್ಮದರ್ಶಕದಡಿಯ ಕೂದಲೆಳೆಯಷ್ಟು ಸಣ್ಣ ಕಾಲುವೆಯಲ್ಲಿ ಎಣ್ಣೆಯ ನಡುವೆ ನೀರಿನ ಹನಿಗಳು ಕುರಿಮಂದೆಯ ಹಾಗೆ ಒಂದರ ಹಿಂದೊಂದು ಬರುತ್ತವೆ, ಹೋಗುತ್ತವೆ, ಪ್ರತಿ ಹನಿಯ ಹೊಟ್ಟೆಯಲ್ಲೂ ಹೊಳೆಯುವ ಪುಡಿಮಣಿಗಳು, ಒಳಗಿನ ನೀರು ಎತ್ತ ಸುಳಿಯುತ್ತದೆಂದು ಹೇಳುವುದು ಅವೇ, ಲೇಸರಿನ ಎರಡು ಮಿಂಚು, ಎರಡು ಚಿತ್ರ, ನಡುವೆ ಮಣಿ ಎಷ್ಟು ಸರಿಯಿತೋ ಅಷ್ಟು ವೇಗ, ಇಷ್ಟೇ ತಾನೇ ಕೆಲಸ, ಇಷ್ಟಕ್ಕೇ ಹರೆಯವೆಲ್ಲ ಸವೆಯಿತಲ್ಲ — ಹನಿಯೊಳಗಿನ ನೀರು ಎತ್ತ ತಿರುಗಿದ್ರೆ ಯಾರಿಗೇನಮ್ಮ, ಇಲ್ಲಿ ನಲ್ಲಿ ನೀರಿಗೇ ಗತಿಯಿಲ್ಲ, ಎಂದು ಫೋನಿನಲ್ಲಿ ಅಮ್ಮ ನಗುತ್ತಾಳೆ, ಆಮೇಲೆ ಮೆತ್ತಗೆ, ನಾಳೆ ಪಿಎಚ್‌ಡಿ ಪ್ರಬಂಧ ಕೊಟ್ಟುಬಿಟ್ರೆ ಮುಗೀತಲ್ವಾ ಮಗಳೇ, ಮುಗೀತಮ್ಮ ಎಂದಿದ್ದಳು ಇವಳು, ಬೆಳಿಗ್ಗೆಯಷ್ಟೇ, ಆಗಿನ್ನೂ ಚುಕ್ಕೆ ಕಂಡಿರಲಿಲ್ಲ, ಹೇಗೆ ಕಂಡೀತು, ಹನಿಯ ಓಟವನ್ನು ಮೊದಲೇ ಲೆಕ್ಕದಿಂದ ಕಳೆದುಬಿಡುವುದು ಇಲ್ಲಿಯ ಪದ್ಧತಿ, ಗೈಡ್ ಮೇಷ್ಟ್ರು ಕಲಿಸಿದ್ದೇ ಹಾಗೆ, ಹನಿ ಮೇಲೆ ಕೂತು ಹನಿಯನ್ನ ನೋಡಬೇಕು ಕಣಮ್ಮ, ಬಸ್ಸಿನೊಳಗೆ ಕೂತವನಿಗೇ ಪಕ್ಕದವನ ಆಕಳಿಕೆ ಕಾಣೋದು, ಹಾಗೆ ನೋಡಿದಾಗಲೇ ಕಾಲುವೆಯ ಗೋಡೆಯ ಬಳಿ ಹಿಮ್ಮುಖ ಹರಿವು ಕಂಡದ್ದು, ಯಾರೂ ಎಣಿಸದಷ್ಟು ಜೋರು, ಪ್ರಬಂಧದ ಜೀವವೇ ಅದು, ಮೇಷ್ಟ್ರು ಸಭೆ ಸಭೆಗೂ ಹೇಳಿಕೊಂಡು ಬಂದದ್ದೂ ಅದನ್ನೇ — ಈವತ್ತು ಮುಖಪುಟಕ್ಕೊಂದು ಚಂದದ ಚಿತ್ರ ಬೇಕೆಂದು, ಓಟ ಕಳೆಯದ ಹಸಿ ಚಿತ್ರಗಳನ್ನು ಸುಮ್ಮನೆ ತೆರೆದಳು, ಹನಿ ಬಂತು, ಹೋಯಿತು, ಮಣಿ ಅಲ್ಲೇ, ಇನ್ನೊಂದು ಬಂತು, ಹೋಯಿತು, ಮಣಿ ಅಲ್ಲೇ, ಅದರ ಪಕ್ಕ ಇನ್ನಷ್ಟು, ಗೋಡೆಗಂಟಿ ಕೂತವು, ಓಡುವ ಬಸ್ಸಿನಿಂದ ನೋಡಿದರೆ ನಿಂತ ಮರವೂ ಹಿಂದಕ್ಕೋಡುತ್ತದೆ, ಮರದ ಓಟ ಅಳೆದು ಗಾಳಿಯ ವೇಗವೆಂದು ಬರೆದ ಹಾಗಾಯಿತಲ್ಲ ದೇವರೇ.

ಹಸಿ ಚಿತ್ರ ಯಾರು ಕೇಳುತ್ತಾರೆ, ಯಾರೂ ಕೇಳುವುದಿಲ್ಲ, ಮುಚ್ಚಿಬಿಟ್ಟರೆ ಮುಚ್ಚಿತು, ನಿದ್ದೆಯಾದರೂ ಬಂದೀತು — ಚಿಕ್ಕಂದಿನಲ್ಲಿ ತಾತ ಕಣ್ಣು ಮುಚ್ಚಿ ಪದ್ಯ ಹೇಳುತ್ತಿದ್ದರು, ಇವಳು ಅವರ ಮೊಣಕಾಲಿಗೊರಗಿ ಕೇಳುತ್ತಿದ್ದಳು, ಒಂದು ಸಂಜೆ ಸಾಲು ನಡುವೆಯೇ ಜಾರಿತು, ತಾತ ಹೇಳುವುದನ್ನು ನಿಲ್ಲಿಸಿದರು, ಕೇಳಲು ಕೂತವರೆಲ್ಲ ಕಾದರು, ಏನಾದ್ರೂ ಸೇರಿಸಿ ಹೇಳಿಬಿಡಿ ತಾತ, ಯಾರಿಗೆ ಗೊತ್ತಾಗುತ್ತೆ, ಎಂದು ಇವಳು ಪಿಸುಗುಟ್ಟಿದಳು, ಕೇಳೋನು ಮೇಲೊಬ್ಬ ಇದಾನಲ್ಲ ಪುಟ್ಟಿ, ಇಲ್ಲದ ಪದ ಇಟ್ಟು ಹೇಳೋದಕ್ಕಿಂತ ಬಾಯಿ ಮುಚ್ಕೊಂಡು ಕೂರೋದೇ ವಾಸಿ, ಎಂದರು ತಾತ, ಹಾಗೇ ಕೂತರು, ಬೆವರುತ್ತ, ಆ ಮೌನ ಎಷ್ಟು ಉದ್ದವಿತ್ತು, ಪದ್ಯ ಮರೆತಿದೆ, ಮೌನ ಮರೆತಿಲ್ಲ — ಲ್ಯಾಬಿನ ಬಾಗಿಲಲ್ಲಿ ಚಪ್ಪಲಿಯ ಸದ್ದು, ಮೇಷ್ಟ್ರು, ಏನಮ್ಮ, ಮುಖಪುಟ ಆಯ್ತಾ, ಆಯ್ತು ಸರ್ ಎಂದರೆ ಮುಗಿಯಿತು, ಎರಡೇ ಪದ, ನಾಲಗೆ ತುದಿಯಲ್ಲೇ ಇವೆ, ಆದರೆ ಬಾಯಿಂದ ಬಂದದ್ದು ಬೇರೆ, ಸರ್, ಗೋಡೆ ಹತ್ರ ನಾವು ನೋಡಿದ್ದು ಹರಿವಲ್ಲ, ಅಂಟಿಕೊಂಡ ಮಣಿ, ಮೇಷ್ಟ್ರು ಬೈಯಲಿಲ್ಲ, ಸ್ಟೂಲು ಎಳೆದು ಕೂತರು, ಕನ್ನಡಕ ಒರೆಸಿದರು, ಇನ್ನೊಂದು ಸಲ ಓಡಿಸು, ಓಡಿಸಿದಳು, ಇನ್ನೊಂದು ಸಲ, ಅವರ ದನಿ ಯಾಕೋ ಮುದಿಯಾಗಿದೆ, ಅವರ ಉಸಿರು ಭುಜದ ಹತ್ತಿರವೇ ಕೇಳುತ್ತದೆ, ಮೇಜಿನ ಮೇಲೆ ಫೋನು ಅದುರುತ್ತದೆ, ಅಮ್ಮ, ಮುಗೀತಲ್ವಾ ಮಗಳೇ, ಹನಿ ಬಂತು, ಮೇಷ್ಟ್ರು ಏನಾದರೂ ಅಂದಾರು, ಹನಿ ಹೋಯಿತು, ಅನ್ನಲಿಲ್ಲ, ಹನಿ ಬಂತು, ಹೋಯಿತು, ಮಣಿ ಅಲ್ಲೇ, ಮಣಿ ಅಲ್ಲೇ…