ಮೂವತ್ತು ಚೌಕದ ಹಾಳೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇಪ್ಪತ್ತೆರಡು ವರ್ಷದಿಂದ ಜನರ ಬಿಗಿದ ಭುಜ, ಹಿಡಿದುಕೊಂಡ ಸೊಂಟ, ಆಪರೇಷನ್ ಆದ ಮಂಡಿ ಸಡಿಲಿಸುವುದೇ ನನ್ನ ಕೆಲಸ. ಫಿಸಿಯೋಥೆರಪಿ ಮಾಡುವವರಿಗೆ ತಾಳ್ಮೆ ಬಹಳ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಶುದ್ಧ ಸುಳ್ಳು. ಗಟ್ಟಿ ಹೆಬ್ಬೆರಳು, ಗಟ್ಟಿ ಗಂಟಲು ಇದ್ದರೆ ಸಾಕು. ಮನೆಯಲ್ಲಿ ಕೈಕಾಲು ಆಡಿಸದೆ ಬಂದು "ಇನ್ನೂ ನೋಯ್ತಾನೇ ಇದೆ ಮೇಡಂ" ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕೇ ಎಲ್ಲರ ಕೈಗೂ ಒಂದು ಹಾಳೆ ಕೊಡುತ್ತೇನೆ. ತಿಂಗಳಿಗೆ ಮೂವತ್ತು ಚೌಕ. ಆ ದಿನದ ವ್ಯಾಯಾಮ ಮುಗಿದರೆ ಚೌಕದಲ್ಲಿ ಒಂದು ಗುರುತು, ಪಕ್ಕದಲ್ಲಿ ನೋವಿಗೆ ಒಂದು ಅಂಕಿ. ಏನೂ ಇಲ್ಲದಿದ್ದರೆ ಸೊನ್ನೆ, ತಡೆಯಲಾಗದಿದ್ದರೆ ಹತ್ತು.

ಈ ಹಾಳೆಯಿಂದಲೇ ನಾನು ನನ್ನ ತಮ್ಮನನ್ನು ಕಳೆದುಕೊಳ್ಳುವವಳಿದ್ದೆ.

ಅವನು ಫೋಟೋಗಳಿಗೆ ಕಟ್ಟು ಹಾಕುತ್ತಾನೆ. ಬೀದಿಯವರೆಲ್ಲ ಅವನನ್ನು ಕರೆಯುವುದೇ ಚೌಕಟ್ಟಣ್ಣ ಅಂತ. ಮರದ ಪಟ್ಟಿಯನ್ನು ಓರೆಯಾಗಿ ಕೊಯ್ದು ನಾಲ್ಕು ಮೂಲೆ ಕೂಡಿಸಿದರೆ ನಡುವೆ ಕೂದಲೆಳೆಯೂ ತೂರುವುದಿಲ್ಲ. "ಅಕ್ಕ, ನಾನು ಮರದ ಮೂಲೆ ಕೂಡಿಸ್ತೀನಿ, ನೀನು ಮನುಷ್ಯರದ್ದು. ಇಬ್ಬರದ್ದೂ ಒಂದೇ ಕಸುಬು" ಎಂದು ನಗಿಸುತ್ತಿದ್ದ. ಅದೆಲ್ಲ ಬೇಸಿಗೆಯ ಮಾತು. ಹಗಲು ಮೊಟಕಾಗಿ, ಸಂಜೆ ಐದಕ್ಕೇ ಬೆಳಕು ಸೋತುಹೋಗುವ ತಿಂಗಳು ಬಂತೆಂದರೆ ಅವನು ಬೇರೆಯೇ ಮನುಷ್ಯ. ಮಾತಿಲ್ಲ, ಕತೆಯಿಲ್ಲ. ಹತ್ತು ಗಂಟೆ ಮಲಗಿದರೂ ಏಳುವಾಗ ಸುಸ್ತು. ಭುಜ ಮುಂದಕ್ಕೆ ಬಾಗಿ, ಎದೆ ಮುಚ್ಚಿಕೊಂಡು, ಉಸಿರು ಗಂಟಲಲ್ಲೇ ಓಡಾಡುತ್ತಿರುತ್ತದೆ. ಹೋದ ವರ್ಷ ಎರಡು ತಿಂಗಳು ಹಾಸಿಗೆ ಬಿಟ್ಟು ಎದ್ದಿರಲಿಲ್ಲ.

"ಋತುವಿನ ಜೊತೆ ಬರೋ ಖಿನ್ನತೆ ಇದು" ಎಂದಿದ್ದರು ಮನೋವೈದ್ಯರು. "ಮಾತ್ರೆ ನಾನು ಕೊಡ್ತೀನಿ. ಬೆಳಗಿನ ಬೆಳಕಲ್ಲಿ ದಿನಾ ನಡೀಲಿ. ಬಿಗಿದುಕೊಂಡಿರೋ ಮೈ ಸಡಿಲ ಮಾಡೋದು ನಿಮ್ಮ ಕೆಲಸ. ಮೈ ಹಗುರಾದ್ರೆ ಎದ್ದು ಓಡಾಡೋಕೆ ಮನಸ್ಸು ಬರುತ್ತೆ."

ಈ ವರ್ಷ ಅವನನ್ನು ಮಲಗಲು ಬಿಡುವುದಿಲ್ಲ ಅಂತ ಹಟ ತೊಟ್ಟೆ. ವಾರಕ್ಕೆ ಎರಡು ಸಲ ಕ್ಲಿನಿಕ್ಕಿಗೆ ಕರೆಸಿ ಬೆನ್ನಿಗೆ ಬಿಸಿ ಶಾಖ ಕೊಟ್ಟು, ಕುತ್ತಿಗೆ ಸಡಿಲಿಸಿ, ಗೋಡೆಯ ಮೇಲೆ ಬೆರಳು ಹತ್ತಿಸಿ ತೋಳು ಎತ್ತಿಸಿದೆ. ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿಯನ್ನು ಭುಜಕ್ಕಿಟ್ಟು ತೋಳು ಎಷ್ಟು ಮೇಲೆ ಹೋಯಿತೆಂದು ಬರೆದುಕೊಂಡೆ. ಮೊದಲ ವಾರ ತೊಂಬತ್ತು ಡಿಗ್ರಿ. ಹಾಳೆ ನೋಡಿದರೆ ಬರೀ ಖಾಲಿ ಚೌಕ.

"ಏನೋ ಇದು? ಮದುವೆ ಮನೆ ಊಟದ ಎಲೆನಾ, ಖಾಲಿ ಹಾಸೋಕೆ?"

"ಆಗ್ಲಿಲ್ಲ ಅಕ್ಕ."

"ಆಗ್ಲಿಲ್ಲ ಅಂದ್ರೆ? ಹತ್ತು ನಿಮಿಷದ ಕೆಲಸ ಕಣೋ! ನಾಟಕ ಆಡ್ಬೇಡ. ಇನ್ನೊಂದ್ಸಲ ಖಾಲಿ ಹಾಳೆ ತಂದ್ರೆ ಈ ಮಂಚ ಹತ್ತಿಸಲ್ಲ, ಹೇಳಿದೀನಿ."

ಪಕ್ಕದ ಪರದೆಯ ಆಚೆ ಇಬ್ಬರು ಕಾಯುತ್ತಿದ್ದರು. ಅವರಿಗೂ ಕೇಳಲಿ ಅಂತಲೇ ಕೂಗಿದ್ದೆ. ಅವನು ತಲೆ ತಗ್ಗಿಸಿ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ.

ಮುಂದಿನ ಸಲದಿಂದ ಚೌಕಗಳು ತುಂಬಿದವು. ನೋವಿನ ಅಂಕಿ ಆರು, ನಾಲ್ಕು, ಎರಡು ಅಂತ ಇಳಿಯಿತು. ತೋಳು ನೂರ ಅರವತ್ತಕ್ಕೆ ಏರಿತು. ನಾನು ಬೀಗಿದ್ದೇ ಬೀಗಿದ್ದು. ನನ್ನ ಗದರಿಕೆಗೆ ಖಿನ್ನತೆಯೂ ಹೆದರಿತು ಅಂತ ಅವನ ಹೆಂಡತಿಯ ಹತ್ತಿರ ಕೊಚ್ಚಿಕೊಂಡೆ. ತೋಳು ಎತ್ತುವಾಗ ಅವನು ಹಲ್ಲು ಕಚ್ಚಿಕೊಂಡಿರುತ್ತಿದ್ದ. ಅದು ನನ್ನ ಕಣ್ಣಿಗೆ ಬಿದ್ದಿತ್ತು. ಆದರೂ ನಾನು ನೋಡಿದ್ದು ಪಟ್ಟಿಯ ಅಂಕಿಯನ್ನೇ.

ಆವತ್ತು ಹೊಸ ತಿಂಗಳ ಹನ್ನೊಂದನೇ ತಾರೀಖು. ಬಂದವನ ಕಂಕುಳಲ್ಲಿ ಕಾಗದ ಸುತ್ತಿದ ಕಟ್ಟೊಂದಿತ್ತು. ಬಿಚ್ಚಿದರೆ ಅಮ್ಮನ ಫೋಟೋ. ಎರಡು ವರ್ಷದ ಹಿಂದೆ ಕಟ್ಟು ಹಾಕಲು ನಾನೇ ಕೊಟ್ಟದ್ದು. ಕೇಳಿದಾಗಲೆಲ್ಲ "ಮನೆಯವರ ಕೆಲಸ ತಾನೇ, ಆಗುತ್ತೆ ಬಿಡು" ಎನ್ನುತ್ತಿದ್ದ.

"ಅಬ್ಬಾ, ಇವತ್ತು ಸೂರ್ಯ ಎಲ್ಲಿ ಹುಟ್ಟಿದ?" ಎಂದೆ.

"ಬಾಕಿ ಇದ್ದದ್ದೆಲ್ಲ ಮುಗಿಸ್ತಾ ಇದೀನಿ ಅಕ್ಕ" ಎಂದ. ಮುಖದ ಮೇಲೆ ನಗೆಯಂಥದ್ದೊಂದು ಇತ್ತು. ನಾನು ಸುಧಾರಿಸಿದ್ದಾನೆ ಅಂದುಕೊಂಡೆ.

ಅವನು ಹೋದ ಮೇಲೆ, ಬಿಟ್ಟುಹೋಗಿದ್ದ ಹಾಳೆಯನ್ನು ಫೈಲಿಗೆ ಸೇರಿಸಲು ಕೈಗೆತ್ತಿಕೊಂಡೆ. ಮೂವತ್ತು ಚೌಕಕ್ಕೂ ಗುರುತು ಬಿದ್ದಿತ್ತು.

ಇನ್ನೂ ಬಾರದ ಹತ್ತೊಂಬತ್ತು ದಿನಗಳಿಗೂ! ಮೊದಲು ಬಂದದ್ದು ಸಿಟ್ಟೇ. ಕಳ್ಳ, ಕೂತಲ್ಲೇ ಗೀಚಿ ನನ್ನ ಕಣ್ಣಿಗೆ ಮಣ್ಣೆರಚಿದ್ದಾನೆ. ಬೆಂಡೆತ್ತಿಬಿಡುತ್ತೇನೆ ಅಂತ ಫೋನು ಎತ್ತಿಕೊಂಡೆ. ಆಗ ಅಂಕಿಗಳು ಕಂಡವು. ಹನ್ನೆರಡರಿಂದ ಮೂವತ್ತರವರೆಗೆ ಪ್ರತಿ ದಿನದ ಎದುರೂ ಸೊನ್ನೆ. ಸ್ಕೇಲು ಇಟ್ಟು ಬರೆದವನಂತೆ ಒಂದರ ಕೆಳಗೊಂದು ಸೊನ್ನೆ. ಗೋಡೆಗೆ ಒರಗಿಸಿದ್ದ ಅಮ್ಮನ ಫೋಟೋ ನೋಡಿದೆ. ಬಾಕಿ ಇದ್ದದ್ದೆಲ್ಲ ಮುಗಿಸ್ತಾ ಇದೀನಿ. ಅವನ ಹೆಂಡತಿಗೆ ಫೋನು ಮಾಡಿದೆ.

ಅವಳು ಲಾಂಡ್ರಿಯಲ್ಲಿ ಕೆಲಸಕ್ಕಿದ್ದಾಳೆ. ಯಂತ್ರಗಳ ಸದ್ದಿನ ನಡುವೆ ಕೂಗಿಕೊಂಡೇ ಮಾತಾಡಿದಳು. "ಚೆನ್ನಾಗೇ ಇದ್ದಾರೆ ಅತ್ತಿಗೆ. ನಿನ್ನೆ ಬೀರು ಎಲ್ಲ ಜೋಡಿಸಿದ್ರು. ಕಾಗದಪತ್ರ ಎಲ್ಲಿದೆ ಅಂತ ತೋರಿಸಿದ್ರು. ಯಾಕೆ?"

"ಈಗಲೇ ಅವನ ಅಂಗಡಿಗೆ ಬಾ. ಯಾಕೆ ಅಂತ ಅಲ್ಲೇ ಹೇಳ್ತೀನಿ" ಎಂದೆ.

ಮಂಚದ ಮೇಲಿದ್ದ ಮಂಡಿನೋವಿನ ಅಜ್ಜಿಯನ್ನು ಅಲ್ಲೇ ಬಿಟ್ಟು, ಚಪ್ಪಲಿ ಸರಿಯಾಗಿ ಮೆಟ್ಟದೆ ಓಡಿದೆ. ಮೂರು ಬೀದಿ. ಅಷ್ಟು ದೂರವೂ ನಾನು ಬೈದದ್ದು ನನ್ನನ್ನೇ.

ಅಂಗಡಿಯ ಶಟರು ಅರ್ಧ ಇಳಿದಿತ್ತು. ಬಗ್ಗಿ ಒಳಗೆ ನುಗ್ಗಿದೆ. ದೀಪ ಹಾಕಿರಲಿಲ್ಲ. ಸದಾ ಮರದ ಪುಡಿ, ಅಂಟಿನ ಡಬ್ಬಿ, ಗಾಜಿನ ಚೂರು ಬಿದ್ದಿರುತ್ತಿದ್ದ ಮೇಜು ತೊಳೆದಿಟ್ಟ ಹಾಗಿತ್ತು. ಗಿರಾಕಿಗಳ ಫೋಟೋಗಳೆಲ್ಲ ಕಾಗದ ಸುತ್ತಿ, ಚೀಟಿ ಅಂಟಿಸಿ ಸಾಲಾಗಿ ನಿಂತಿದ್ದವು. ಅವನು ಸ್ಟೂಲಿನ ಮೇಲೆ ಕೈ ತೊಡೆಗಳ ನಡುವೆ ಸೇರಿಸಿಕೊಂಡು ಕೂತಿದ್ದ. ಬದುಕಿದ್ದ.

ಅವನ ಎದುರು ನೆಲದ ಮೇಲೇ ಕುಳಿತೆ. ಇಂಥ ಮಾತನ್ನು ಸುತ್ತಿ ಬಳಸಿ ಕೇಳಬಾರದು, ನೇರ ಕೇಳಬೇಕು ಅಂತ ಮನೋವೈದ್ಯರು ಹೋದ ವರ್ಷವೇ ಹೇಳಿದ್ದರು. ಕೇಳಿದೆ.

"ಸಾಯ್ಬೇಕು ಅನ್ನಿಸ್ತಾ ಇದೆಯೇನೋ?"

"ಅನ್ನಿಸ್ತಾ ಇದೆ ಅಕ್ಕ. ದಿನಾ" ಎಂದ. "ನಾನು ಹೋದ್ಮೇಲೆ ನೀನು ಹಾಳೆ ನೋಡಿ ನೊಂದ್ಕೋಬಾರದು ಅಂತ ಎಲ್ಲಾ ತುಂಬಿಸಿಟ್ಟೆ."

"ಅಯ್ಯೋ ನನ್ನಪ್ಪ" ಎಂದು ಅವನ ಮಂಡಿಗೆ ತಲೆಯಿಟ್ಟು ಅತ್ತೆ. "ಬೈಯ್ಯೋ ನನಗೆ. ಒಂದ್ಸಲ ಬೈಯ್ಯಿ."

"ನಿನ್ನ ಬೈದು ಬದುಕೋಕಾಗುತ್ತಾ?" ಎಂದ. ತಮಾಷೆಯೋ ಏನೋ, ದನಿಯಲ್ಲಿ ಜೀವವಿರಲಿಲ್ಲ.

ಅವನ ಹೆಂಡತಿ ಬಂದಳು. ಅಂಗಡಿಯ ಉಳಿ, ಗಾಜು ಕೊಯ್ಯುವ ಕತ್ತಿ, ದಾರಿಯಲ್ಲಿ ಮನೆಗೆ ಹೊಕ್ಕು ಅಲ್ಲಿದ್ದ ಮಾತ್ರೆ, ಎಲ್ಲವನ್ನೂ ಅವನ ಕೈಗೆ ಸಿಗದ ಹಾಗೆ ನಾನು ಒಂದು ಚೀಲಕ್ಕೆ ಹಾಕಿಕೊಂಡೆ. ಮೂವರೂ ನೇರ ಮನೋವೈದ್ಯರ ಹತ್ತಿರ ಹೋದೆವು. ಮಾತ್ರೆ ಬದಲಾಯಿತು. ಅವನನ್ನು ಒಂದು ಗಳಿಗೆಯೂ ಒಬ್ಬನೇ ಬಿಡಬಾರದು, ಎರಡು ದಿನಕ್ಕೊಮ್ಮೆ ಕರೆತರಬೇಕು ಎಂದರು. ಹಗಲು ನನ್ನದು, ಉಳಿದದ್ದು ಅವಳದು ಅಂತ ಹಂಚಿಕೊಂಡೆವು.

ಮರುದಿನ ಬೆಳಿಗ್ಗೆ ಅವನನ್ನು ಎಬ್ಬಿಸಿ ಹೊರಡಿಸಲು ಮುಕ್ಕಾಲು ಗಂಟೆ ಬೇಕಾಯಿತು. ನಾನು ಗದರಲಿಲ್ಲ. ಗದರದೆ ಇರುವುದು ಎಷ್ಟು ಕಷ್ಟ ಅಂತ ಆವತ್ತೇ ಗೊತ್ತಾದದ್ದು. ತೆಳ್ಳನೆಯ ಬೆಳಕಿನಲ್ಲಿ ಬೀದಿಯ ಕೊನೆಯವರೆಗೆ ನಡೆದು ಅಂಗಡಿಗೆ ಬಂದೆವು. ಬಾಗಿಲಿನ ಎರಡೂ ಕಡೆ ಅವನ ಅಂಗೈ ಊರಿಸಿದೆ. ಒಂದು ಕಾಲು ಮುಂದಿಟ್ಟರೆ ಎದೆ ತಾನಾಗಿ ತೆರೆದುಕೊಳ್ಳುವ ವ್ಯಾಯಾಮ ಅದು. ಕೈ ಭುಜದ ಮಟ್ಟಕ್ಕಿಂತ ಮೇಲೆ ಹೋಗಲಿಲ್ಲ. ಅಳೆಯುವ ಪಟ್ಟಿ ತೆಗೆಯಲಿಲ್ಲ ನಾನು.

"ಸಾಕು, ಅಷ್ಟೇ ಸಾಕು" ಎಂದೆ. "ಈಗ ಉಸಿರು ತಗೋ."

ಉಸಿರು ಎದೆಯ ತಳದವರೆಗೆ ಇಳಿಯಿತು. ಹಿಂದೆಯೇ ಅಳು ಬಂತು. ಬಾಗಿಲು ಹಿಡಿದುಕೊಂಡೇ ಅತ್ತ. ಹಾದುಹೋಗುವವರು ತಿರುಗಿ ನೋಡಿದರು. ನೋಡಲಿ ಬಿಡಿ. ನಾನು ಅವನ ಬೆನ್ನ ಮೇಲೆ ಕೈಯಿಟ್ಟು ನಿಂತೆ.

ಆಮೇಲೆ ಚೀಲದಿಂದ ಕಾಗದ ತೆಗೆದೆ. ಅದರ ಮೇಲೆ ಒಂದೇ ಚೌಕ ಗೀಚಿದ್ದೆ.

"ಇವತ್ತಿನದು ಮಾತ್ರ. ನಾಳೆದು ನಾಳೆ ತರ್ತೀನಿ" ಎಂದೆ. "ನೋವು ಎಷ್ಟು? ನನಗೋಸ್ಕರ ಹೇಳ್ಬೇಡ."

"ಏಳು" ಎಂದ. ನನ್ನ ಮುಖ ನೋಡಿದ. ನಾನು ಪೆನ್ನು ಹಿಡಿದು ಕಾದೆ.

"ಅಲ್ಲ ಅಕ್ಕ. ಒಂಬತ್ತು."

ಬೇಸಿಗೆಗೆ ಇನ್ನೂ ಎರಡೂವರೆ ತಿಂಗಳಿತ್ತು. ನಾನು ಒಂಬತ್ತು ಅಂತ ಬರೆದುಕೊಂಡು, ನಾಳೆಯೂ ಇದೇ ಹೊತ್ತಿಗೆ ಬರುತ್ತೇನೆ ಎಂದೆ. ಅವನು ಹೂಂ ಎಂದ.