ಇಲ್ಲದ ಬ್ರೇಕು

ಮತ್ತೆ ಒತ್ತಿತು ಕಾಲು, ತಗಡಿನ ಮೇಲೆ ಟಪ್ ಅಂತ, ಇಲ್ಲಿ ಪಕ್ಕದ ಸೀಟಿನಲ್ಲಿ ಬ್ರೇಕಿಲ್ಲ ಅಂತ ಗೊತ್ತಿದ್ದೂ ಒತ್ತುತ್ತದೆ, ಸ್ಟೇರಿಂಗ್ ಹಿಡಿದ ಮಗಳು ನನ್ನ ಕಡೆ ತಿರುಗಲಿಲ್ಲ, ಕೆನ್ನೆ ಮಾತ್ರ ಉಬ್ಬಿತು, ನಗುತ್ತಿದ್ದಾಳೆ — ದೂರದ್ದೆಲ್ಲ ಮಂಜು, ಹತ್ತಿರದ್ದು ಚೆನ್ನಾಗಿಯೇ ಕಾಣುತ್ತದೆ ಈ ಹಾಳು ಕಣ್ಣಿಗೆ — ಅಪ್ಪಾ, ಕಾಲು ಎಷ್ಟು ಬೇಕಾದ್ರೂ ಒತ್ತು, ಬಾಯಿ ಮಾತ್ರ ಬಿಡ್ಬೇಡ, ಅಂದಿದ್ದಳು ಗುಡ್ಡದ ನೆತ್ತಿಯಲ್ಲಿ. ಪಂದ್ಯ ಅವಳದೇ. ಇಳಿಜಾರು ಮುಗಿಯುವ ತನಕ ನಾನು ತುಟಿ ಪಿಟಕ್ಕೆನ್ನಬಾರದು, ಒಂದೇ ಒಂದು ಮಾತಾಡಿದರೂ ಅವಳಿಗೆ ಓಡಿಸಲು ಬಾರದೆಂದು ಲೆಕ್ಕ, ಲಾರಿ ಮಾರಾಟ, ಆಡದಿದ್ದರೆ ಲಾರಿ ಅವಳದು. ಇನ್ನು ಸ್ಟೇರಿಂಗ್ ಮುಟ್ಟಬೇಡಿ ಎಂದು ಕಣ್ಣಿನ ಡಾಕ್ಟರು ಹೇಳಿದ ವಾರವೇ ಕೊಳ್ಳುವವನನ್ನು ಹುಡುಕಿದ್ದೆ, ಯಾಕೆ, ನಾನು ಸತ್ತಿದೀನಾ, ಎಂದು ಎದುರು ನಿಂತಳು, ಹಟ ನನ್ನದು, ಬಾಯಿ ಅವಳಮ್ಮನದು, ಇನ್ನೇನು ಉಳಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ, ನಾನು ಮಾತಾಡಿದರೆ ಹದಿನಾಲ್ಕು ಗಾಲಿಯೇ ಹೋಗುತ್ತದೆ. ಬೆನ್ನ ಹಿಂದೆ ಟೈಲ್ಸಿನ ಲೋಡು, ಅದು ಇಳಿಜಾರಿನಲ್ಲಿ ಸುಮ್ಮನೆ ಕೂರುವ ಸಾಮಾನಲ್ಲ, ತಳ್ಳುತ್ತದೆ — ಟಪ್ — ಈ ಕಾಲೇ ಹೀಗೆ, ಕ್ಷೌರದವನ ಕತ್ತಿ ಗದ್ದದ ಹತ್ತಿರ ಬಂದರೂ ಬ್ರೇಕು, ಬ್ಯಾಂಕಿನ ಸಾಲು ಮುಂದೆ ಸರಿದರೂ ಕ್ಲಚ್ಚು, ನಿದ್ದೆಯಲ್ಲಿ ಹೆಂಡತಿಯ ಮಂಡಿ ಹಿಡಿದು ಗೇರು ಬದಲಿಸಿದೆನಂತೆ, ರೀ, ರಿವರ್ಸ್ ಹಾಕ್ಬೇಡಿ, ಹಿಂದೆ ಗೋಡೆ ಇದೆ.

ಗುಡ್ಡದ ಗಾಳಿ ಬಂತು, ತಣ್ಣಗೆ, ಡೀಸೆಲ್ಲಿನ ಜೊತೆ ಬೆರೆತು, ನಾನು ಮಿಲಿಟರಿಯಲ್ಲಿದ್ದಾಗಿನ ಗಾಳಿಯೂ ಹೀಗೇ ಇತ್ತು, ಹಿಮದ ರಸ್ತೆಯಲ್ಲಿ ನಮ್ಮ ಲಾರಿಗಳ ಸಾಲು, ಪಕ್ಕದಲ್ಲಿ ಉಸ್ತಾದ, ನನಗೆ ಲಾರಿ ಕಲಿಸಿದವನು, ಮೀಸೆ ತುಂಬ ಬೀಡಿ ವಾಸನೆ, ಬೂಟು ಬಿಚ್ಚೋ ಮಗನೆ, ಬೂಟು ಕಿವುಡು, ಅಂಗಾಲಿಗೆ ಕಿವಿ ಇದೆ, ಗಾಡಿ ಏನು ಹೇಳ್ತದೆ ಕೇಳು. ಬರಿಗಾಲಲ್ಲಿ ಪೆಡಲು ಮಂಜುಗಡ್ಡೆ, ಕಣ್ಣಲ್ಲಿ ನೀರು ಬರುತ್ತಿತ್ತು, ಆದರೆ ಗಾಡಿ ಮಾತಾಡಿತು, ನಿಜವಾಗಿ ಮಾತಾಡಿತು. ಬರಿಗಾಲಲ್ಲಿ ಓಡಿಸಿದರೆ ಶಿಕ್ಷೆ, ಒಂದು ದಿನ ಸಾಹೇಬರು ತಿರುವಿನಲ್ಲೇ ನಿಂತಿದ್ದರು, ಗಡಿಬಿಡಿಯಲ್ಲಿ ಎಡದ ಬೂಟು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಕೊಂಡು ಇಳಿದು ಸೆಲ್ಯೂಟ್ ಹೊಡೆದೆವು ಇಬ್ಬರೂ, ಸಾಹೇಬರು ಬೂಟು ನೋಡಿದರು, ಮುಖ ನೋಡಿದರು, ನಗು ತಡೆಯಲಾರದೆ ಬೆನ್ನು ತಿರುಗಿಸಿದರು. ಗುಡ್ಡ ಹತ್ತಿದ ಸಣ್ಣ ಗೇರಲ್ಲೇ ಇಳಿ, ಇಂಜಿನ್ನೇ ಗಾಡಿ ಹಿಡೀತದೆ, ಬ್ರೇಕನ್ನ ನಂಬಿ ಕೂತವನು ಕೆಟ್ಟ, ಇದೂ ಅವನ ಮಾತೇ. ಅಷ್ಟು ಪ್ರಪಾತಗಳ ಅಂಚಿನಲ್ಲಿ ಲಾರಿ ಇಳಿಸಿದವನು ಕೊನೆಗೆ ಹಾಸಿಗೆಯ ಮೇಲೆ ಹೋದ, ಕಂಬಳಿಯೊಳಗೆ ಕಾಲು ಆಡುತ್ತಲೇ ಇತ್ತು ಎಂದಳು ಅವನ ಹೆಂಡತಿ. ಎಷ್ಟು ನೆನಪಾಗುತ್ತಾನೆ, ಅಪ್ಪನಿಗಿಂತ ಹೆಚ್ಚು.

ಏನಿದು ವಾಸನೆ — ಬ್ರೇಕು, ಬ್ರೇಕು ಕಾದಿದೆ, ಒತ್ತಿ ಹಿಡಿದೇ ಇದ್ದಾಳೆ ಹುಡುಗಿ, ಗೇರು ಮೇಲಿನದು, ಮುಂದೆ ತಿರುವು, ಕೆಳಗಿನಿಂದ ಹಾರನ್ನು, ಬಸ್ಸಿರಬೇಕು, ನನಗೆ ಬರೀ ಬಿಳಿ ಮಸುಕು — ಟಪ್, ಟಪ್ — ಗೇರಿಳಿಸು ಅಂದುಬಿಡಲಾ, ಅಂದರೆ ಲಾರಿ ಹೋಗುತ್ತದೆ, ಹೋಗಲಿ, ಇವಳು ದಿನಾ ಮನೆಯಲ್ಲಿ ಮಲಗುತ್ತಾಳೆ, ಅಮ್ಮನ ಕಣ್ಣೆದುರು ಇರುತ್ತಾಳೆ, ನಾನು ಹಾಗಿದ್ದೆನಾ, ಇವಳು ಹುಟ್ಟಿದಾಗ ಎಲ್ಲೋ ರಸ್ತೆಯಲ್ಲಿ, ನಡೆದಾಗ ಇನ್ನೆಲ್ಲೋ, ತಿಂಗಳ ಮೇಲೆ ಬಾಗಿಲಿಗೆ ಬಂದರೆ ಒಳಗೆ ಓಡಿದಳು, ಅಮ್ಮಾ, ಲಾರಿ ಮಾಮ ಬಂದ. ಮಾಮ! ಇವಳಮ್ಮ ಹೊಟ್ಟೆ ಹಿಡಿದು ನಕ್ಕಳು, ಆಮೇಲೆ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡಳು, ನಾನು ಚೀಲ ಕೂಡ ಇಳಿಸದೆ ಹಾಗೇ ನಿಂತಿದ್ದೆ. ಆಮೇಲೆ ರಜೆಗಳಲ್ಲಿ ಕರೆದುಕೊಂಡು ಹೋಗುತ್ತಿದ್ದೆ, ಇದೇ ಸೀಟು, ಎಲ್ಲರ ಮಕ್ಕಳು ಕಿಟಕಿ ನೋಡಿದರೆ ಇದು ಬಗ್ಗಿ ಪೆಡಲಿನ ಮೇಲಿನ ನನ್ನ ಬರಿಗಾಲು ನೋಡುತ್ತಿತ್ತು, ಏನೇ ನೋಡ್ತೀಯ, ಏನಿಲ್ಲಪ್ಪ. ಈ ಲಾರಿಯೇ ಕಣೇ ನಿನ್ನಪ್ಪನನ್ನು ಮಾಮ ಮಾಡಿದ್ದು, ಇದೇ ಬೇಕಾ ನಿನಗೆ, ಒಂದು ಮಾತು ಸಾಕು, ಅಂದುಬಿಡಲಾ — ಬಸ್ಸು ಬಂತು, ಗೋಡೆಯ ಹಾಗೆ — ನಾಲಿಗೆ ಹಲ್ಲಲ್ಲಿ ಕಚ್ಚಿ ಹಿಡಿದೆ — ಪಕ್ಕದಿಂದ ಏನೋ ಹಾರಿ ನನ್ನ ಕಾಲಿಗೆ ಬಿತ್ತು, ಚಪ್ಪಲಿ, ಕಳಚಿ ಒದ್ದಿದ್ದಾಳೆ, ಎರಡನೆಯದೂ ಬಂತು, ಕ್ಲಚ್ಚು, ಗರ್ರೆಂದಿತು ಇಂಜಿನ್ನು, ಗೇರು ಇಳಿಯಿತು, ಮತ್ತೊಂದು ಇಳಿಯಿತು, ಲೋಡು ಬೆನ್ನಿಗೆ ಒರಗಿ ತೆಪ್ಪಗಾಯಿತು, ಬಸ್ಸಿನವನು ಏನೋ ಬೈದು ಹೋದ, ಬೈಯಲಿ, ಬದುಕಿರುವವರನ್ನೇ ತಾನೆ ಬೈಯುವುದು.

ತಿರುವು, ಮತ್ತೊಂದು, ಸೇತುವೆ, ಸಮತಟ್ಟು. ಪಕ್ಕಕ್ಕೆ ತಂದು ನಿಲ್ಲಿಸಿದಳು, ಹ್ಯಾಂಡ್‌ಬ್ರೇಕು ಎಳೆದಳು, ಇಂಜಿನ್ನು ಆಫ್. ಅಪ್ಪಾ, ಮುಗೀತು, ಈಗ ಮಾತಾಡು, ಏನು ಬೇಕಾದ್ರೂ ಬಯ್ಯಿ. ಬೈಗುಳ ಸಾಲುಗಟ್ಟಿ ನಿಂತಿದ್ದವು ಗುಡ್ಡದುದ್ದಕ್ಕೂ, ಒಂದೂ ಬರುತ್ತಿಲ್ಲ, ಭೇಷ್ ಅನ್ನಬೇಕು, ಅದೂ ಬರುತ್ತಿಲ್ಲ, ಅಪ್ಪಾ, ಯಾಕಪ್ಪ, ಮಾತಾಡು — ಅವಳ ಬರಿಗಾಲು, ಬ್ರೇಕಿನ ಮೇಲೆ, ಗಾಡಿ ನಿಂತಾಗಿದೆ, ಒತ್ತಬೇಕಾಗಿಲ್ಲ, ಒತ್ತಿಯೇ ಇದ್ದಾಳೆ, ಬೆರಳೆಲ್ಲ ಬಿಳಿಚಿಕೊಂಡು, ನನ್ನದರ ಹಾಗೇ ಈ ಬರಿಗಾಲೂ ಒತ್ತಿಯೇ ಇದೆ —