ಒಳಗಿಟ್ಟ ಪ್ರತಿ

ಅಕ್ಕನಿಗೆ ಪರರ ಹಂಗು ಎಂದರೆ ಆಗದು. ಗಣಿತ ವಿಭಾಗದ ಮೂಲೆಕೋಣೆಯಲ್ಲಿ ಕೂತು, ಸಮೀಕರಣ ಬಿಡಿಸುವ ಸಾಫ್ಟ್‌ವೇರ್ ಒಂದನ್ನು ಬರೆದು, ಲೋಕಕ್ಕೆಲ್ಲ ಪುಕ್ಕಟೆ ಹಂಚಿದವಳು ಅವಳು. ಅದಕ್ಕೆ ಬೇಕಾಗುವ, ಬೇರೆಯವರು ಬರೆದ ಲೈಬ್ರರಿಗಳೆಂಬ ಸಿದ್ಧ ಕೋಡ್ ಕಟ್ಟುಗಳನ್ನೂ ನಕಲು ಮಾಡಿ ಒಳಗೇ ಇಟ್ಟುಕೊಂಡಿದ್ದಳು. 'ಹೊರಗಿನವರು ನಾಳೆ ಏನೋ ಬದಲಾಯಿಸ್ತಾರೆ, ನಮ್ಮ ಲೆಕ್ಕ ಕೆಡುತ್ತೆ. ಮನೇಲೇ ಇದ್ರೆ ಯಾರ ಕಾಟಾನೂ ಇಲ್ಲ' ಎಂಬುದು ಅವಳ ವಾದ. ಹಾಗೆ ಒಳಗಿಟ್ಟ ಪ್ರತಿಗಳನ್ನು ಆಮೇಲೆ ಯಾರೂ ತೆರೆದು ನೋಡಿರಲಿಲ್ಲ. ನಡೆಯುತ್ತಿರುವುದನ್ನು ಯಾರಾದರೂ ಕೆದಕುತ್ತಾರೆಯೇ?

ಕೆದಕುವವನೂ ಒಬ್ಬನಿದ್ದ. ಎಲ್ಲದಕ್ಕೂ ಅಡ್ಡಮಾತು ತೆಗೆಯುತ್ತಿದ್ದ ಆ ಸಹೋದ್ಯೋಗಿಗೆ ವಿಭಾಗದಲ್ಲಿ ತಕರಾರು ಎಂದೇ ಹೆಸರು. ಅಂದು ಬೆಳಿಗ್ಗೆ ಅವನು ಹಟ ಹಿಡಿದು, ದೊಡ್ಡ ಸಂಖ್ಯೆಗಳ ಅಪವರ್ತನಗಳನ್ನು ಹುಡುಕುವ ಲೈಬ್ರರಿಯ ಒಳಪ್ರತಿಯನ್ನು ಕಿತ್ತು, ಅದನ್ನು ಬರೆದವರೇ ಬಿಟ್ಟಿದ್ದ ಹೊಸ ಆವೃತ್ತಿಯನ್ನು ಹೊರಗಿನಿಂದ ಜೋಡಿಸಿದ. ಎಲ್ಲ ಸರಿಯಿದೆಯೇ ಎಂದು ತಾಳೆನೋಡುವ ಪರೀಕ್ಷೆಗಳನ್ನು ಓಡಿಸಿದರೆ ಒಂದು ಫೇಲಾಗಿ ಕೆಂಪಾಯಿತು. ಪೂರ್ಣಾಂಕದಲ್ಲಿ ಉತ್ತರವೇ ಇಲ್ಲ ಎನ್ನಬೇಕಾದ ಸಮೀಕರಣಕ್ಕೆ ಹೊಸ ಆವೃತ್ತಿ ಒಂದು ಉತ್ತರ ಕೊಟ್ಟಿತ್ತು.

"ನೋಡಿದ್ಯಾ? ಅವತ್ತಿಂದ ಬಡ್ಕೊಂಡೆ," ಎಂದಳು ಅಕ್ಕ. "ಹೊರಗಿಂದು ಕೆಟ್ಟು ಕೂತಿದೆ."

"ಹೆತ್ತವರಿಗೆ ಹೆಗ್ಗಣ ಮುದ್ದು," ಎಂದು ತಕರಾರು ನಕ್ಕ. "ಉತ್ತರ ಕಣ್ಮುಂದೇನೇ ಇದ್ಯಲ್ಲ ಮೇಡಂ, ಹಾಕಿ ನೋಡಿ."

ಅವನ ಬಾಯಿ ಮುಚ್ಚಿಸುವ ಹುಮ್ಮಸ್ಸಿನಲ್ಲೇ ಅವಳು ಸೀಮೆಸುಣ್ಣ ಹಿಡಿದಳು. ಉದ್ದುದ್ದ ಸಂಖ್ಯೆಗಳು, ಹಲಗೆ ತುಂಬಿತು. ಸಮೀಕರಣದ ಎಡಬದಿ, ಬಲಬದಿ ಎರಡೂ ಒಂದೇ ಬಂತು. ಒರೆಸಿ ಮತ್ತೆ ಹಾಕಿದಳು. ಮತ್ತೆ ಅದೇ.

"ಹಳೇ ಆವೃತ್ತೀಲಿ ದೊಡ್ಡ ಸಂಖ್ಯೆ ಬಂದ್ರೆ ಒಂದೊಂದು ಅಪವರ್ತನ ತಪ್ಪಿಹೋಗ್ತಿತ್ತಂತೆ," ತಕರಾರು ಪರದೆಯಲ್ಲಿ ಹೊಸ ಆವೃತ್ತಿಯ ಟಿಪ್ಪಣಿ ಓದುತ್ತ ಹೇಳಿದ. "ಅವ್ರು ಯಾವತ್ತೋ ಸರಿಮಾಡಿದಾರೆ. ನಮ್ಮ ಪ್ರತಿಗೆ ಆ ರಿಪೇರಿ ಬರ್ಲೇ ಇಲ್ಲ." ಅವನೀಗ ನಗುತ್ತಿರಲಿಲ್ಲ. ಆ ಸಮೀಕರಣ ಎಲ್ಲಿಂದ ಬಂದದ್ದೆಂದು ಅವನಿಗೂ ಗೊತ್ತಿತ್ತು.

ಅದು ಅಕ್ಕನ ತಂಗಿಯ ಪಿಎಚ್‌ಡಿ ಪ್ರಬಂಧದ್ದು; ಅದಕ್ಕೆ ಉತ್ತರವಿಲ್ಲ ಎಂದು ಅವಳಿಗೆ ಹೇಳಿದ್ದು ಅಕ್ಕನ ಈ ಸಾಫ್ಟ್‌ವೇರೇ. ಇಂಥ ಸಮೀಕರಣಗಳಿಗೆ ಪೂರ್ಣಾಂಕದ ಉತ್ತರ ಇಲ್ಲವೇ ಇಲ್ಲ ಎಂಬುದೇ ಆ ಪ್ರಬಂಧದ ಪ್ರಾಣ. ಇನ್ನು ಸ್ವಲ್ಪ ಹೊತ್ತಿಗೆ ಬೇರೊಂದು ಊರಿನಲ್ಲಿ ಅವಳ ಮೌಖಿಕ ಪರೀಕ್ಷೆ.

ಅಕ್ಕ ಗಡಿಯಾರ ನೋಡಿದಳು. ಸುಮ್ಮನಿದ್ದುಬಿಟ್ಟರೆ? ಪರೀಕ್ಷಕರಿಗೆ ತಿಳಿಯದೆಯೂ ಹೋಗಬಹುದು. ಅವರಲ್ಲೊಬ್ಬರು ಹೊಸ ಆವೃತ್ತಿಯಲ್ಲಿ ಹಾಕಿ ನೋಡಿದ್ದರೆ? ಎಲ್ಲರೆದುರು ಹುಡುಗಿ ಭೂಮಿಗಿಳಿದು ಹೋಗುತ್ತಾಳೆ. ತಂಗಿಗೆ ಫೋನ್ ಹಚ್ಚಿದಳು.

"ಅಕ್ಕಾ! ಧೈರ್ಯ ಹೇಳೋಕೆ ಮಾಡಿದ್ಯಾ? ಬಾಗ್ಲಲ್ಲೇ ನಿಂತಿದೀನಿ ಕಣೇ."

ಅಕ್ಕ ಸುತ್ತಿಬಳಸದೆ ಹೇಳಿಬಿಟ್ಟಳು.

"ಬೇರೆಯವ್ರ ಸಾಫ್ಟ್‌ವೇರಲ್ಲಿ ಮಾಡಿದ ಮಿಕ್ಕಿದ್ದೆಲ್ಲ ಇನ್ನೊಂದು ಸಾಫ್ಟ್‌ವೇರಲ್ಲೂ ಹಾಕಿ ನೋಡಿದ್ದೆ," ಎಂದಳು ತಂಗಿ. "ಇದೊಂದನ್ನ ನೋಡ್ಲಿಲ್ಲ. ಇದು ನಿನ್ನ ಸಾಫ್ಟ್‌ವೇರಲ್ವಾ ಅಂತ."

"ತಪ್ಪಾಯ್ತು ಪುಟ್ಟೀ..."

"ಇರ್ಲಿ. ಆ ಉತ್ತರ ಹೇಳು, ಬರ್ಕೋತೀನಿ. ಅವ್ರು ಕೇಳೋಕ್ಮುಂಚೆ ನಾನೇ ಹೇಳ್ತೀನಿ."

ಅಕ್ಕ ಹಲಗೆ ನೋಡಿ ಒಂದೊಂದೇ ಅಂಕಿ ಓದತೊಡಗಿದಳು. ತಂಗಿ ಒಂದೊಂದು ಅಂಕಿಯನ್ನೂ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು.